ಕಪ್ಪಾಗುವ ಕನ್ನಡಿ, ಬಣ್ಣ ಬದಲಿಸುವ ದೀಪ: ಎರಡಕ್ಕೂ ಇರುವುದು ಒಂದೇ ಕಣ್ಣು

ಹಾಸನ ದಾಟಿ ಸಕಲೇಶಪುರದ ಕಡೆಗೆ ಹೊರಟಿದ್ದೆವು. ರಾತ್ರಿ ಹತ್ತೂವರೆ ಇರಬೇಕು. ಗೆಳೆಯ ತಿಂಗಳ ಹಿಂದಷ್ಟೇ ಕೊಂಡ ಜರ್ಮನ್ ಸೆಡಾನ್. ಡ್ಯಾಶ್‌ಬೋರ್ಡಿನ ಉದ್ದಕ್ಕೂ, ನಾಲ್ಕೂ ಬಾಗಿಲುಗಳ ಅಂಚಿಗೂ ನೇರಳೆ ಬಣ್ಣದ ಬೆಳಕಿನ ಪಟ್ಟಿ ಹರಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅವನ ಮಗಳು ತಲೆಯ ಮೇಲಿನ ದೀಪ ಹಾಕಿಕೊಂಡು ಪುಸ್ತಕ ಓದುತ್ತಿದ್ದಳು. ನಮ್ಮ ಹಿಂದೆ ಹೈ ಬೀಮ್ ಹಾಕಿಕೊಂಡ ಎಸ್‌ಯುವಿ ಒಂದು ಅಂಟಿಕೊಂಡೇ ಬರುತ್ತಿತ್ತು.

"ಲೋ, ಈ ಮಿರರ್ ಕೆಟ್ಟೋಗಿದೆ ಕಣೋ. ತಾನಾಗೇ ಡಿಮ್ ಆಗುತ್ತೆ ಅಂತ ಶೋರೂಮಿನಲ್ಲಿ ಬಾಯ್ತುಂಬ ಹೇಳಿದ್ರು. ನೋಡು, ಕಣ್ಣಿಗೆ ಹೊಡೀತಾ ಇದೆ" ಅಂದ.

ಕನ್ನಡಿ ಕೆಟ್ಟಿರಲಿಲ್ಲ. ತನಗೆ ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಅದನ್ನು ತಡೆದದ್ದು ಓದುವ ದೀಪ. ಅದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿತ್ತು. ಅವನು ಬಲಗಡೆಯ ಸೈಡ್ ಮಿರರ್ ನೋಡಲು ತಲೆ ತಿರುಗಿಸಿದಾಗಲೆಲ್ಲ ಕಿಟಕಿಯ ಗಾಜಿನಲ್ಲಿ ಒಂದು ನೇರಳೆ ಗೆರೆ, ಸರಿಯಾಗಿ ಕನ್ನಡಿಯ ಮೇಲೆಯೇ ಅಡ್ಡ ಬಂದು ಕೂರುತ್ತಿತ್ತು. ಅದನ್ನು ಅವನು ಗಮನಿಸಿರಲೇ ಇಲ್ಲ.

ದುಬಾರಿ ಕಾರುಗಳ ಜಾಹೀರಾತಿನಲ್ಲಿ ಆಂಬಿಯೆಂಟ್ ಲೈಟಿಂಗ್, ಅಂದರೆ ಈ ಬಣ್ಣದ ಬೆಳಕಿನ ಪಟ್ಟಿ, ಬರುವುದು ಸೌಂದರ್ಯದ ಪಟ್ಟಿಯಲ್ಲಿ; ತಾನಾಗಿ ಮಂಕಾಗುವ ಆಟೋ ಡಿಮ್ಮಿಂಗ್ ಮಿರರ್ ಬರುವುದು ಸುರಕ್ಷತೆಯ ಪಟ್ಟಿಯಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ. ಆದರೆ ಎರಡೂ ಕೆಲಸ ಮಾಡುವುದು ಒಂದೇ ಜಾಗದಲ್ಲಿ, ಕತ್ತಲೆಗೆ ಒಗ್ಗಿಕೊಂಡ ಚಾಲಕನ ಕಣ್ಣಿನಲ್ಲಿ. ಒಂದು ಆ ಕತ್ತಲೆಯನ್ನು ಕಾಯುತ್ತದೆ, ಇನ್ನೊಂದು ಎಚ್ಚರ ತಪ್ಪಿದರೆ ಅದನ್ನೇ ಕದಡುತ್ತದೆ.

ಹಾಗಾಗಿ ಮೊದಲು ಕಣ್ಣಿನ ಮಾತು. ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋದದ್ದನ್ನು ನೆನಪಿಸಿಕೊಳ್ಳಿ. ಮೊದಲ ಕ್ಷಣ ಎದುರಿಗಿದ್ದ ತಟ್ಟೆಯೂ ಕಾಣುವುದಿಲ್ಲ. ಮೇಣದಬತ್ತಿ ಎಲ್ಲಿದೆ ಎಂದು ತಡಕಾಡುವಷ್ಟರಲ್ಲಿ ಬಾಗಿಲಿನ ಅಂಚು ಕಾಣುತ್ತದೆ, ಐದಾರು ನಿಮಿಷದಲ್ಲಿ ಎದುರು ಕೂತವರ ಮುಖದ ಆಕಾರ. ಅಂಗಳಕ್ಕೆ ಹೋಗಿ ಅರ್ಧ ಗಂಟೆ ಕೂತರೆ ನಕ್ಷತ್ರದ ಬೆಳಕಿನಲ್ಲೇ ತುಳಸಿಕಟ್ಟೆ ಗುರುತಿಸಬಹುದು. ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಕಾಣುವ, ಹಗಲಿನಲ್ಲಿ ದುಡಿಯುವ ಶಂಕುಕೋಶಗಳು ಸುಮಾರು 60 ಲಕ್ಷ. ಮಂದ ಬೆಳಕಿನಲ್ಲಿ ದುಡಿಯುವ, ಬಣ್ಣ ಅರಿಯದ ದಂಡಕೋಶಗಳು ಸುಮಾರು 12 ಕೋಟಿ. ದಂಡಕೋಶದೊಳಗಿನ ರೋಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕು ಬಿದ್ದೊಡನೆ ಬಣ್ಣಗೆಡುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಕೆಡಲು ಒಂದು ಹೆಡ್‌ಲೈಟ್ ಸಾಕು.

ಕಾರು ಓಡಿಸುವವರು ಪೂರ್ಣ ಕತ್ತಲೆಯಲ್ಲಿ ಇರುವುದಿಲ್ಲ, ನಿಜ. ಎದುರು ನಮ್ಮದೇ ಹೆಡ್‌ಲೈಟಿನ ಬೆಳಕಿದೆ. ಆದರೆ ಆ ಬೆಳಕಿನ ಅಂಚಿನಲ್ಲಿ, ರಸ್ತೆಯ ಮಗ್ಗುಲಲ್ಲಿ ಕಪ್ಪು ಕಂಬಳಿ ಹೊದ್ದು ನಡೆದು ಹೋಗುವವರನ್ನು, ದೀಪವಿಲ್ಲದೆ ನಿಂತ ಟ್ರ್ಯಾಕ್ಟರನ್ನು ಕಾಣಿಸುವುದು ಈ ಅರೆಗತ್ತಲೆಯ ಹೊಂದಾಣಿಕೆಯೇ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಕನ್ನಡಿಯಿಂದ ಬಂದ ಝಳಪಿಗೆ ಕಣ್ಣು ಐದು ಸೆಕೆಂಡು ಮಂಕಾದರೆ ಸುಮಾರು 140 ಮೀಟರ್ ರಸ್ತೆ ಲೆಕ್ಕಕ್ಕೆ ಸಿಗದೆ ಹೋಯಿತು. ವಯಸ್ಸಾದಂತೆ ಇದು ಇನ್ನೂ ಬಿಗಡಾಯಿಸುತ್ತದೆ. ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ, ಮಸೂರ ಹಳದಿಯಾಗುತ್ತದೆ, ಒಳಗೆ ಬಂದ ಬೆಳಕು ಚದುರುತ್ತದೆ. ಇಪ್ಪತ್ತರ ಹರೆಯದವರ ಅಕ್ಷಿಪಟಲಕ್ಕೆ ತಲಪುವ ಬೆಳಕಿನಲ್ಲಿ ಅರವತ್ತರವರಿಗೆ ದಕ್ಕುವುದು ಸುಮಾರು ಮೂರನೇ ಒಂದು ಭಾಗ. ಇಂಥ ಕಾರು ಕೊಳ್ಳುವಷ್ಟು ದುಡ್ಡು ಕೈಗೆ ಬರುವ ಹೊತ್ತಿಗೆ ಹೆಚ್ಚಿನವರಿಗೆ ಕಣ್ಣು ಕೈಕೊಡಲು ಶುರುವಾಗಿರುತ್ತದೆ ಎಂಬುದು ಬೇರೆ ಮಾತು.

ಈಗ ಕನ್ನಡಿ. ಸಾಮಾನ್ಯ ಕಾರಿನ ಒಳಗನ್ನಡಿಯ ಕೆಳಗೆ ಒಂದು ಪುಟ್ಟ ಕಿವಿ ಇರುತ್ತದೆ. ರಾತ್ರಿ ಅದನ್ನು ಎಳೆದರೆ ಹಿಂದಿನ ದೀಪಗಳು ಮಂಕಾಗುತ್ತವೆ. ಇಲ್ಲಿ ವಿದ್ಯುತ್ತಿಲ್ಲ, ರಸಾಯನವಿಲ್ಲ, ಇರುವುದು ಒಂದು ಸರಳ ಜಾಣತನ. ಆ ಗಾಜು ಸಮತಟ್ಟಲ್ಲ, ಬೆಣೆಯಾಕಾರದ್ದು: ಮೇಲೆ ಒಂದು ದಪ್ಪ, ಕೆಳಗೆ ಇನ್ನೊಂದು. ಬೆಳ್ಳಿಯ ಲೇಪ ಇರುವುದು ಹಿಂಬದಿಗೆ. ಹಗಲು ನಾವು ನೋಡುವುದು ಆ ಲೇಪದ ಪ್ರತಿಬಿಂಬವನ್ನು. ಕಿವಿ ಎಳೆದಾಗ ಕನ್ನಡಿ ತುಸು ವಾಲಿ, ಲೇಪದ ಪ್ರತಿಬಿಂಬ ಕಾರಿನ ಛಾವಣಿಯ ಕಡೆಗೆ ಹೋಗುತ್ತದೆ. ನಮ್ಮ ಕಣ್ಣಿಗೆ ಉಳಿಯುವುದು ಮುಂಬದಿಯ ಬರಿಗಾಜು ಹಿಂತಿರುಗಿಸುವ ಬೆಳಕು ಮಾತ್ರ. ಗಾಳಿಯಿಂದ ಗಾಜಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟು ಮೇಲ್ಮೈಯಿಂದಲೇ ಹಿಂತಿರುಗುತ್ತದೆ. ಹೈ ಬೀಮಿನ ಶೇ. 4 ಎಂದರೆ ಕಣ್ಣಿಗೆ ಹಿತವಾದ ಎರಡು ಚುಕ್ಕಿ. ಈ ಶೇ. 4 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇರೆ ವೇಷದಲ್ಲಿ ಬರುತ್ತದೆ.

ಕಿವಿ ಎಳೆಯುವ ಕೆಲಸವನ್ನೂ ಯಂತ್ರವೇ ಮಾಡಲಿ ಎಂಬ ಆಸೆಯಿಂದ ಸ್ವಯಂಚಾಲಿತ ಕನ್ನಡಿ ಹುಟ್ಟಿತು. ಅಮೆರಿಕದ ಮಿಷಿಗನ್ ರಾಜ್ಯದ ಝೀಲ್ಯಾಂಡ್ ಎಂಬ ಊರಿನಲ್ಲಿ 1974ರಲ್ಲಿ ಶುರುವಾದ ಜೆಂಟೆಕ್ಸ್ ಕಂಪನಿ ಮೊದಲು ಮಾಡುತ್ತಿದ್ದದ್ದು ಹೊಗೆ ಪತ್ತೆ ಹಚ್ಚುವ ಉಪಕರಣ. ಹೊಗೆ ಬಂದರೆ ಬೆಳಕಿನಲ್ಲಾಗುವ ವ್ಯತ್ಯಾಸವನ್ನು ಸೆನ್ಸರ್ ಗುರುತಿಸಬೇಕು. ಬೆಳಕು ಅಳೆಯುವ ಆ ಕೈಚಳಕ ಕನ್ನಡಿಗೂ ಬಂತು. 1982ರಲ್ಲಿ ಅವರು ತಂದ ಮೊದಲ ಕನ್ನಡಿ ನಿಜಕ್ಕೂ ಕಿವಿ ಎಳೆಯುವ ಯಂತ್ರವೇ: ಸೆನ್ಸರಿಗೆ ಬೆಳಕು ಬಿದ್ದರೆ ಪುಟ್ಟ ಮೋಟರೊಂದು ಬೆಣೆಗಾಜನ್ನು ವಾಲಿಸುತ್ತಿತ್ತು. ಹಗಲು ಅಥವಾ ರಾತ್ರಿ, ನಡುವೆ ಏನೂ ಇಲ್ಲ. ಈಗ ನಾವು ಕಾಣುವ, ಬೇಕಾದಷ್ಟೇ ಕಪ್ಪಾಗುವ ಕನ್ನಡಿ ಬಂದದ್ದು 1987ರಲ್ಲಿ.

ಇದರ ಒಳಗಿರುವುದು ಒಂದು ಸ್ಯಾಂಡ್‌ವಿಚ್. ಎರಡು ತೆಳು ಗಾಜು, ಅವುಗಳ ಒಳಮೈಗೆ ಕಣ್ಣಿಗೆ ಕಾಣದ, ಆದರೆ ವಿದ್ಯುತ್ ಹರಿಸಬಲ್ಲ ಪಾರದರ್ಶಕ ಲೇಪ. ನಡುವಿನ, ಮಿಲಿಮೀಟರಿಗೂ ಕಡಿಮೆ ಸಂದಿಯಲ್ಲಿ ಲೋಳೆಯಂಥ ಜೆಲ್. ಆ ಜೆಲ್ಲಿನಲ್ಲಿ ಎರಡು ಬಗೆಯ ಅಣುಗಳಿವೆ: ಒಂದು ಎಲೆಕ್ಟ್ರಾನ್ ಇಸಿದುಕೊಳ್ಳುವಂಥದು, ಇನ್ನೊಂದು ಕೊಡುವಂಥದು. ಸುಮ್ಮನಿದ್ದಾಗ ಎರಡಕ್ಕೂ ಬಣ್ಣವಿಲ್ಲ. ಒಂದು ವೋಲ್ಟಿಗಿಂತ ತುಸು ಹೆಚ್ಚು, ಅಂದರೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿಗಿಂತಲೂ ಕಡಿಮೆ ಒತ್ತಡ ಕೊಟ್ಟರೆ ಸಾಕು. ಒಂದು ಗಾಜಿನ ಹತ್ತಿರ ಒಂದು ಬಗೆಯ ಅಣು ಎಲೆಕ್ಟ್ರಾನ್ ಪಡೆದು ಬಣ್ಣಗೂಡುತ್ತದೆ, ಎದುರು ಗಾಜಿನ ಹತ್ತಿರ ಇನ್ನೊಂದು ಕಳೆದುಕೊಂಡು ಬಣ್ಣಗೂಡುತ್ತದೆ. ಬೆಳಕು ಈ ಬಣ್ಣದ ಪದರವನ್ನು ದಾಟಿ ಹಿಂದಿನ ಹೊಳೆಯುವ ಕನ್ನಡಿ ಲೇಪಕ್ಕೆ ಹೋಗಿ, ಮತ್ತೆ ಅದನ್ನೇ ದಾಟಿ ಬರಬೇಕು. ಎರಡು ಸಲ ಸುಂಕ ಕಟ್ಟಿದ ಹಾಗೆ. ಕಪ್ಪಾದ ಕನ್ನಡಿ ತುಸು ನೀಲಿ ಹಸಿರಾಗಿ ಕಾಣುವುದು ಈ ಅಣುಗಳ ಬಣ್ಣದಿಂದಲೇ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಕರೆಂಟ್ ನಿಂತಾಗ ಆಗುವುದು. ಬಣ್ಣಗೂಡಿದ ಅಣುಗಳು ಜೆಲ್ಲಿನಲ್ಲಿ ತೇಲುತ್ತ ನಡುವೆ ಎದುರಾಗುತ್ತವೆ. ಒಂದರ ಹತ್ತಿರ ಎಲೆಕ್ಟ್ರಾನ್ ಹೆಚ್ಚಿದೆ, ಇನ್ನೊಂದಕ್ಕೆ ಕಡಿಮೆಯಿದೆ. ಕೊಟ್ಟು ತೆಗೆದುಕೊಂಡು ಲೆಕ್ಕ ಚುಕ್ತಾ ಮಾಡಿ ಎರಡೂ ಬಣ್ಣ ಬಿಡುತ್ತವೆ. ಹಾಗಾಗಿ ಫ್ಯೂಸ್ ಹೋದರೂ, ತಂತಿ ಕಡಿದರೂ ಇದು ಕಪ್ಪು ಹಲಗೆಯಾಗಿ ಉಳಿಯದೆ ಮಾಮೂಲಿ ಕನ್ನಡಿಯಾಗಿಬಿಡುತ್ತದೆ. ಬೋಯಿಂಗ್ 787 ವಿಮಾನದಲ್ಲಿ ಕಿಟಕಿಯ ಕೆಳಗಿನ ಗುಂಡಿ ಒತ್ತಿದರೆ ಗಾಜು ನೀಲಿಯಾಗಿ ಮಂಕಾಗುವುದನ್ನು ಕಂಡಿದ್ದರೆ, ಅದೂ ಇದೇ ಬಗೆಯ ಜೆಲ್ಲಿನ ಕೆಲಸ, ಇದೇ ಕಂಪನಿಯದ್ದು. ಅಲ್ಲಿನಂತೆ ಇಲ್ಲೂ ಆತುರ ನಡೆಯುವುದಿಲ್ಲ. ಅಣುಗಳು ಓಡಾಡಬೇಕಲ್ಲ, ಕಪ್ಪಾಗಲು ಕೆಲವು ಸೆಕೆಂಡು, ತಿಳಿಯಾಗಲು ಇನ್ನೂ ಕೆಲವು.

ಪೂರ್ತಿ ಕಪ್ಪಾಗುವುದೂ ಇಲ್ಲ, ಆಗಲೂ ಬಾರದು. ವಾಹನಗಳ ಕನ್ನಡಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 46ನೇ ನಿಯಮದ ಪ್ರಕಾರ ಇಂಥ ಕನ್ನಡಿ ರಾತ್ರಿ ಸ್ಥಿತಿಯಲ್ಲೂ ಕನಿಷ್ಠ ಶೇ. 4ರಷ್ಟು ಬೆಳಕನ್ನು ಹಿಂತಿರುಗಿಸಬೇಕು. ಬರಿಗಾಜಿನ ಅದೇ ಲೆಕ್ಕ.

ಯಾವಾಗ ಕಪ್ಪಾಗಬೇಕು ಎಂದು ಕನ್ನಡಿಗೆ ಹೇಗೆ ಗೊತ್ತಾಗುತ್ತದೆ? ನನ್ನ ಗೆಳೆಯನ ದೂರಿಗೆ ಉತ್ತರ ಇರುವುದು ಇಲ್ಲಿ. ಒಳಗನ್ನಡಿಗೆ ಎರಡು ಕಣ್ಣು. ಒಂದು ಕನ್ನಡಿಯ ಬೆನ್ನಿನಲ್ಲಿದ್ದು ಮುಂಗಾಜಿನ ಮೂಲಕ ರಸ್ತೆ ನೋಡುತ್ತದೆ: ಹಗಲೋ ಇರುಳೋ? ಇನ್ನೊಂದು ಚಾಲಕನ ಕಡೆಗೆ ಮುಖ ಮಾಡಿ ಹಿಂಗಾಜಿನಿಂದ ಬರುವ ಬೆಳಕನ್ನು ನೋಡುತ್ತದೆ: ಯಾರಾದರೂ ಹೈ ಬೀಮ್ ಹೊಡೆಯುತ್ತಿದ್ದಾರೋ? ಮುಂದೆ ಕತ್ತಲೆ, ಹಿಂದೆ ಬೆಳಕು, ಎರಡೂ ಒಟ್ಟಿಗೆ ಆದಾಗ ಮಾತ್ರ ಜೆಲ್ಲಿಗೆ ಕರೆಂಟ್. ಹೊರಗಿನ ಕನ್ನಡಿಗೆ ಸಾಮಾನ್ಯವಾಗಿ ಸ್ವಂತ ಕಣ್ಣಿಲ್ಲ, ಒಳಗನ್ನಡಿ ಹೇಳಿದಂತೆ ಕೇಳುತ್ತದೆ. ಹಲವು ಕಾರುಗಳಲ್ಲಿ ಕಪ್ಪಾಗುವ ಹೊರಗನ್ನಡಿ ಚಾಲಕನ ಬದಿಯದು ಮಾತ್ರ. ಎಡಕ್ಕೆ ಓಡಿಸುವ, ಬಲದಿಂದ ಹಿಂದಿಕ್ಕುವ ನಮ್ಮಲ್ಲಿ ಹೆಚ್ಚು ಏಟು ತಿನ್ನುವುದೂ ಆ ಬಲಗನ್ನಡಿಯೇ.

ಈ ಎರಡು ಕಣ್ಣಿಗೆ ನಾವೇ ಪಟ್ಟಿ ಕಟ್ಟುವ ವಿಧಾನಗಳು ಬಹಳ. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಎಲ್ಲರೂ ಮುಂಗಾಜಿನ ನಡುವೆ, ಕನ್ನಡಿಯ ಹಿಂದೆಯೇ ಅದನ್ನು ಅಂಟಿಸುತ್ತೇವೆ. ಅದರ ಪಕ್ಕ ಡ್ಯಾಶ್‌ಕ್ಯಾಮ್. ಕನ್ನಡಿಯ ಕತ್ತಿಗೆ ಮಣಿಸರ, ಪುಟ್ಟ ಗಣಪತಿ. ಇವುಗಳಲ್ಲಿ ಯಾವುದಾದರೂ ಮುಂದಿನ ಕಣ್ಣಿಗೆ ಅಡ್ಡ ಬಂದರೆ ಕನ್ನಡಿಯ ಪಾಲಿಗೆ ದಿನವಿಡೀ ಅಮಾವಾಸ್ಯೆ. ನಡುಮಧ್ಯಾಹ್ನವೂ ಅದು ಕಪ್ಪಾಗಿ ಕೂರುತ್ತದೆ. ಹಿಂದಿನ ಕಣ್ಣಿನ ಕಥೆ ತದ್ವಿರುದ್ಧ. ಹಿಂಗಾಜಿನ ಪರದೆ ಏರಿಸಿದ್ದರೆ, ಊರಿಗೆ ಹೋಗುವಾಗ ಲಗೇಜನ್ನು ಸೀಟಿನ ಎತ್ತರ ಮೀರಿ ಪೇರಿಸಿದ್ದರೆ, ಅಥವಾ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಹಿಂದಿನ ಬೆಳಕು ಸೆನ್ಸರಿಗೆ ತಲಪುವುದಿಲ್ಲ. ಆಗ ಒಳಗನ್ನಡಿಯೊಂದೇ ಅಲ್ಲ, ನೇರ ಏಟು ಬೀಳುತ್ತಿರುವ ಬಲಗನ್ನಡಿಯೂ ಕಪ್ಪಾಗದೆ ಉಳಿಯುತ್ತದೆ. ಫಿಲ್ಮಿನ ವಿಷಯದಲ್ಲಿ ಕಾನೂನೂ ಇದೆ: ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂಗಾಜು, ಹಿಂಗಾಜುಗಳ ಮೂಲಕ ಕನಿಷ್ಠ ಶೇ. 70, ಪಕ್ಕದ ಗಾಜುಗಳ ಮೂಲಕ ಶೇ. 50ರಷ್ಟು ಬೆಳಕು ಹಾಯಬೇಕು. ಕಪ್ಪು ಫಿಲ್ಮಿನ ಮೇಲೆ ಸುಪ್ರೀಂ ಕೋರ್ಟ್ ಗದರಿದ್ದು 2012ರಲ್ಲಿ.

ಇನ್ನೆರಡು ಸಂದರ್ಭಗಳಲ್ಲಿ ಕನ್ನಡಿ ಬೇಕೆಂದೇ ಸುಮ್ಮನಿರುತ್ತದೆ. ರಿವರ್ಸ್ ಗೇರ್ ಹಾಕಿದಾಗ, ಹಿಂದೆ ಮಗುವೋ ಕಂಬವೋ ಸ್ಪಷ್ಟವಾಗಿ ಕಾಣಲಿ ಎಂದು ಅದು ತಿಳಿಯಾಗುತ್ತದೆ. ಮತ್ತೆ ಕಾರಿನ ಒಳದೀಪ ಉರಿಯುತ್ತಿದ್ದಾಗ. ಮರ್ಸಿಡಿಸ್ ಕಾರುಗಳ ಕೈಪಿಡಿಯಲ್ಲಿ ಇದನ್ನು ಕನ್ನಡಿಯ ಮಿತಿ ಎಂದೇ ಬರೆದಿದ್ದಾರೆ. ಒಳಗೆ ದೀಪವಿದ್ದರೆ ಹಿಂದಿನ ಸೆನ್ಸರಿಗೆ ಬೀಳುತ್ತಿರುವುದು ಯಾರ ಬೆಳಕು ಎಂಬುದೇ ಅನುಮಾನ.

ಕನ್ನಡಿ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಓಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಗ್ನಿಷನ್ ಆನ್, ಗೇರು ಪಾರ್ಕಿನಲ್ಲಿ, ಒಳದೀಪ ಬಂದ್, ಕನ್ನಡಿಗೆ ಪ್ರತ್ಯೇಕ ಆಟೋ ಗುಂಡಿಯಿದ್ದರೆ ಅದು ಆನ್. ಬೆನ್ನಿನ ಸೆನ್ಸರಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಚಾಲಕನ ಕಡೆಗಿರುವ ಸೆನ್ಸರಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕೆಲವು ಸೆಕೆಂಡಿನಲ್ಲಿ ಗಾಜು ನೀಲಿಗಟ್ಟಿದರೆ ಕನ್ನಡಿ ಆರೋಗ್ಯವಾಗಿದೆ, ತೊಂದರೆ ನೀವು ಅಂಟಿಸಿದ್ದರಲ್ಲೋ ಪೇರಿಸಿದ್ದರಲ್ಲೋ ಇದೆ.

ಇನ್ನು ಬಣ್ಣದ ದೀಪ. ಕಾರಿನೊಳಗೆ ಬೇಕಾದ ಬಣ್ಣ ತರಿಸುವುದು ಹಳೆಯ ಬಲ್ಬಿನ ಕಾಲದಲ್ಲಿ ಆಗದ ಮಾತು. ಎಲ್‌ಇಡಿ ಬಂದ ಮೇಲೂ ಕೆಂಪು, ಹಸಿರು ಇದ್ದವು, ಚೆನ್ನಾಗಿ ಬೆಳಗುವ ನೀಲಿ ಇರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮೂರು ಬಣ್ಣ ಕೈಗೆ ಸಿಕ್ಕ ಮೇಲೆ ಉಳಿದದ್ದೆಲ್ಲ ಬೆರಕೆಯ ಲೆಕ್ಕ. 2013ರ ಮರ್ಸಿಡಿಸ್ ಎಸ್ ಕ್ಲಾಸ್ ಒಂದೇ ಒಂದು ಬಲ್ಬಿಲ್ಲದೆ ಬಂದ ಮೊದಲ ಕಾರು. ಸುಮಾರು 500 ಎಲ್‌ಇಡಿಗಳು, ಅದರಲ್ಲಿ 300ರಷ್ಟು ಕಾರಿನ ಒಳಗೇ. ಅದರ ಆಂಬಿಯೆಂಟ್ ದೀಪಕ್ಕೆ ಆಗ ಏಳು ಬಣ್ಣ. ಮೂರೇ ವರ್ಷದಲ್ಲಿ ಅದೇ ಕಂಪನಿಯ ಇ ಕ್ಲಾಸಿಗೆ 64 ಬಣ್ಣ ಬಂತು. ರೋಲ್ಸ್ ರಾಯ್ಸ್ ಬೇರೆ ದಾರಿ ಹಿಡಿದು, ಛಾವಣಿಯ ಚರ್ಮಕ್ಕೆ ಕೈಯಲ್ಲಿ ತೂತು ಕೊರೆದು ನೂರಾರು ಆಪ್ಟಿಕಲ್ ಫೈಬರ್ ಎಳೆಗಳನ್ನು ಕೂರಿಸಿ ನಕ್ಷತ್ರದ ಆಕಾಶವನ್ನೇ ಮಾಡಿತು.

ಬಾಗಿಲಿನ ಉದ್ದದ ಬೆಳಕಿನ ಗೆರೆಯಲ್ಲಿ ಸಾಲಾಗಿ ದೀಪಗಳಿವೆ ಎಂದುಕೊಳ್ಳುತ್ತೇವೆ. ಹಲವು ಕಾರುಗಳಲ್ಲಿ ಇರುವುದು ಒಂದೋ ಎರಡೋ ಎಲ್‌ಇಡಿ, ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿಯೊಂದರ ತುದಿಯಲ್ಲಿ. ಬೆಳಕು ಕಡ್ಡಿಯ ಗೋಡೆಗಳಿಗೆ ಬಡಿದು ಬಡಿದು ಒಳಗೇ ಓಡುತ್ತದೆ, ಬೆನ್ನಿಗೆ ಕೊರೆದ ಸಣ್ಣ ಗೀರುಗಳಲ್ಲಿ ಅಷ್ಟಷ್ಟೇ ಹೊರಗೆ ಸೋರುತ್ತದೆ. ದೀಪದಿಂದ ದೂರ ಹೋದಂತೆ ಗೀರುಗಳ ಪ್ರಮಾಣ ಹೆಚ್ಚಿಸಿದರೆ ಉದ್ದಕ್ಕೂ ಒಂದೇ ಸಮನಾದ ಗೆರೆ. ತೋಟಕ್ಕೆ ಹನಿ ನೀರಾವರಿ ಪೈಪ್ ಎಳೆದವರಿಗೆ ಈ ಉಪಾಯ ಹೊಸದೇನಲ್ಲ.

ಎಲ್‌ಇಡಿಯ ಬೆಳಕು ತಗ್ಗಿಸಲು ಅದರ ಕರೆಂಟನ್ನು ಕಡಿಮೆ ಮಾಡಿದರೆ ಬಣ್ಣವೂ ಕೊಂಚ ಸರಿದುಬಿಡುತ್ತದೆ. ಅದಕ್ಕೇ ಸೆಕೆಂಡಿಗೆ ನೂರಾರು ಬಾರಿ ಹೊತ್ತಿಸಿ ಆರಿಸುವ ಉಪಾಯ. ಹೊತ್ತಿರುವ ಹೊತ್ತು ಕಡಿಮೆಯಾದಷ್ಟೂ ಕಣ್ಣಿಗೆ ಮಂದ. ಮೊಬೈಲಿನಲ್ಲಿ ವಿಡಿಯೊ ತೆಗೆದಾಗ ಕಾರಿನ ಪಟ್ಟಿ ಮಿಣುಕುವುದು ಇದರಿಂದ. ಇಲ್ಲೊಂದು ಸೂಕ್ಷ್ಮವಿದೆ. ಬೆಳಕನ್ನು ಅರ್ಧಕ್ಕಿಳಿಸಿದರೆ ಕಣ್ಣಿಗೆ ಅರ್ಧ ಕಾಣುವುದಿಲ್ಲ. ಅರ್ಧ ಅನ್ನಿಸಬೇಕಾದರೆ ನಿಜವಾದ ಬೆಳಕು ಸುಮಾರು ಶೇ. 18ಕ್ಕೆ ಇಳಿಯಬೇಕು. ಪರದೆಯಲ್ಲಿ ಸ್ಲೈಡರನ್ನು ಎರಡು ಮೂರು ಮೆಟ್ಟಿಲು ಇಳಿಸಿ "ಸಾಕು, ಕಡಿಮೆ ಆಯ್ತು" ಎಂದುಕೊಳ್ಳುವವರು, ಕತ್ತಲೆಯ ಲೆಕ್ಕದಲ್ಲಿ ಇನ್ನೂ ಬಹಳ ಬೆಳಕನ್ನು ಉಳಿಸಿಕೊಂಡಿರುತ್ತಾರೆ.

ಯಾವ ಬಣ್ಣ? ದಂಡಕೋಶಗಳು ಎಲ್ಲ ಬಣ್ಣಕ್ಕೂ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಸುಮಾರು 500 ನ್ಯಾನೊಮೀಟರ್ ತರಂಗಾಂತರದ ನೀಲಿ ಹಸಿರಿಗೆ ಅವು ಅತ್ಯಂತ ಸೂಕ್ಷ್ಮ, ಕಡುಗೆಂಪಿಗೆ ಹೆಚ್ಚುಕಡಿಮೆ ಕುರುಡು. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಗಾಗಿ, ಅದರ ಎಲೆ ಮಾತ್ರ ತಿಳಿಯಾಗಿ ಕಾಣುವುದು ಇದೇ ಕಾರಣಕ್ಕೆ. ಝೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಗುರುತಿಸಿದ, ಅವನ ಹೆಸರಿನಲ್ಲೇ ಈ ಪರಿಣಾಮ ನಿಂತಿದೆ. ಬಿಎಂಡಬ್ಲ್ಯು ದಶಕಗಳ ಕಾಲ ಮೀಟರಿನ ದೀಪಕ್ಕೆ ಕೇಸರಿ ಮಿಶ್ರಿತ ಕೆಂಪನ್ನೇ ಬಳಸಿದ್ದರಲ್ಲಿ ಅರ್ಥವಿತ್ತು. ಹಾಗಾದರೆ ಕೆಂಪೇ ಸರ್ವೋತ್ತಮವೇ? ಅಷ್ಟು ಸರಳವಲ್ಲ. ಶುದ್ಧ ಕೆಂಪಿನಲ್ಲಿ ಕೆಂಪಕ್ಷರ ಓದಲಾಗದು. ಜತೆಗೆ 2020ರ ಎಸ್ ಕ್ಲಾಸಿನಿಂದೀಚೆಗೆ ಕೆಲವು ಕಾರುಗಳಲ್ಲಿ ಈ ಪಟ್ಟಿಯೇ ಎಚ್ಚರಿಕೆಯ ದೀಪವೂ ಹೌದು: ಹಿಂದಿನಿಂದ ಬೈಕ್ ಬರುತ್ತಿರುವಾಗ ಬಾಗಿಲು ತೆಗೆಯಹೋದರೆ ಅದು ಕೆಂಪಾಗಿ ಮಿನುಗುತ್ತದೆ. ಮೊದಲೇ ಕೆಂಪಿಟ್ಟುಕೊಂಡವರಿಗೆ ಆ ಕೆಂಪು ಎದ್ದು ಕಾಣುವುದು ಕಷ್ಟ. ನನ್ನ ಆಯ್ಕೆ ಹಣತೆಯ ಬಣ್ಣ, ಅಂದರೆ ಹಳದಿಯತ್ತ ವಾಲಿದ ಕೇಸರಿ, ತೀರಾ ಮಂದವಾಗಿ. ಶೋರೂಮಿನಲ್ಲಿ, ಫೋಟೊಗಳಲ್ಲಿ ಮಿಂಚುವ ನೀಲಿ, ನೇರಳೆಗಳು ರಾತ್ರಿ ಹೆದ್ದಾರಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ದಂಡಕೋಶವನ್ನು ನೀಲಿ ಹೆಚ್ಚು ಕೆಣಕುತ್ತದೆ, ನಿಚ್ಚಳವಾಗಿ ಕೇಂದ್ರೀಕರಿಸುವುದೂ ಕಣ್ಣಿಗೆ ಕಷ್ಟ.

ಬಣ್ಣಕ್ಕಿಂತ ದೊಡ್ಡ ಪ್ರಶ್ನೆ ಪ್ರತಿಬಿಂಬದ್ದು. ರಾತ್ರಿ ಮನೆಯಲ್ಲಿ ದೀಪ ಹಾಕಿದರೆ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಅಂಗಳ ಕಾಣುವುದಿಲ್ಲ. ದೀಪ ಆರಿಸಿದರೆ ಅಂಗಳ. ಕಾರಿನ ಕಿಟಕಿಯದೂ ಅದೇ ಪಾಡು. ಬಾಗಿಲಿನ ಪಟ್ಟಿಯಿಂದ ಗಾಜಿಗೆ ಬಿದ್ದ ಬೆಳಕಿನಲ್ಲಿ ಆ ಶೇ. 4, ಗಾಜಿನ ಎರಡೂ ಮೈ ಸೇರಿ ಸುಮಾರು ಶೇ. 8, ಚಾಲಕನ ಕಣ್ಣಿಗೆ ಮರಳುತ್ತದೆ. ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು. ಒಂದು ವ್ಯಂಗ್ಯ ನೋಡಿ: ಕನ್ನಡಿಯೊಳಗೆ ಇಷ್ಟೇ ಶೇಕಡಾವಾರು ಬೆಳಕು ಹೈ ಬೀಮನ್ನು ಪಳಗಿಸಿ ನಮ್ಮನ್ನು ಕಾಪಾಡಿತು, ಪಕ್ಕದ ಗಾಜಿನಲ್ಲಿ ಅದೇ ಪ್ರಮಾಣ ಹೊರಗನ್ನಡಿಯನ್ನು ಮುಚ್ಚುತ್ತಿದೆ. ಅದೂ ಯಾವಾಗ? ಹೊರಗನ್ನಡಿ ತಾನೇ ಕಪ್ಪಾಗಿ, ಅದರೊಳಗಿನ ಚಿತ್ರ ಮಂಕಾಗಿರುವಾಗ. ಮಂಕಾದ ಚಿತ್ರದ ಮೇಲೆ ಹೊಳೆಯುವ ನೇರಳೆ ಗೆರೆ ಬಿದ್ದರೆ, ದೀಪವಿಲ್ಲದ ಬೈಕು ಆ ಗೆರೆಯ ಹಿಂದೆ ಮಾಯ.

ಆದ್ದರಿಂದ ಇದನ್ನು ಹೊಂದಿಸುವ ಜಾಗ ಶೋರೂಮೂ ಅಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟೂ ಅಲ್ಲ. ರಾತ್ರಿ, ಬೀದಿದೀಪವಿಲ್ಲದ ಕಡೆ, ಸುರಕ್ಷಿತವಾಗಿ ನಿಲ್ಲಿಸಿ, ಹತ್ತು ನಿಮಿಷ ಒಳದೀಪ ಆರಿಸಿ ಕೂತು ಮಾಡಬೇಕಾದ ಕೆಲಸ. ಮೆನು ಎಲ್ಲಿದೆ ಎಂಬುದು ಕಾರಿನಿಂದ ಕಾರಿಗೆ, ಸಾಫ್ಟ್‌ವೇರಿನಿಂದ ಸಾಫ್ಟ್‌ವೇರಿಗೆ ಬದಲಾಗುತ್ತದೆ. ಮರ್ಸಿಡಿಸ್‌ನ ಈಚಿನ ಪರದೆಗಳಲ್ಲಿ ಕಂಫರ್ಟ್ ವಿಭಾಗದ ಅಡಿಯಲ್ಲಿ ಆಂಬಿಯೆಂಟ್ ಲೈಟ್ ಸಿಗುತ್ತದೆ; ಬಿಎಂಡಬ್ಲ್ಯುವಿನ ಹೊಸ ಕಾರುಗಳಲ್ಲಿ ಮೈ ಮೋಡ್ಸ್ ಎಂಬ, ಓಡಿಸುವ ಬಗೆಯನ್ನು ಆರಿಸುವ ಸೆಟ್ಟಿಂಗ್ ಬದಲಿಸಿದರೆ ದೀಪದ ಬಣ್ಣವೂ ಅದರ ಜತೆಗೇ ಬದಲಾಗುತ್ತದೆ. ಅಲ್ಲಿ ಬಣ್ಣ ಬೇರೆ, ಪ್ರಖರತೆ ಬೇರೆ. ಪ್ರಖರತೆಯನ್ನು ಮೊದಲು ಸೊನ್ನೆಗೆ ಇಳಿಸಿ. ಡ್ರೈವರ್ ಸೀಟಿನಲ್ಲಿ ನೀವು ಓಡಿಸುವ ಭಂಗಿಯಲ್ಲೇ ಕೂತು, ಬಲಗನ್ನಡಿ ನೋಡುತ್ತ ಒಂದೊಂದೇ ಮೆಟ್ಟಿಲು ಏರಿಸಿ. ಪಕ್ಕದ ಗಾಜಿನಲ್ಲಿ ಗೆರೆ ಮೂಡಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ. ಎಡಗನ್ನಡಿಗೂ ಹಾಗೆಯೇ, ಮುಂಗಾಜಿಗೂ ಹಾಗೆಯೇ. ಬಾಗಿಲು, ಡ್ಯಾಶ್‌ಬೋರ್ಡ್, ಕಾಲಡಿ ಎಂದು ಪ್ರತ್ಯೇಕ ವಲಯಗಳಿದ್ದರೆ ಕಾಲಡಿಯ ದೀಪವನ್ನು ಧಾರಾಳವಾಗಿ ಇಟ್ಟುಕೊಳ್ಳಿ, ಅದು ಯಾವ ಗಾಜಿಗೂ ಬೀಳುವುದಿಲ್ಲ. ಬಣ್ಣ ತಾನಾಗಿ ಬದಲಾಗುವ ಆಟಗಳನ್ನು ಹೆದ್ದಾರಿಯಲ್ಲಿ ಬಂದ್ ಮಾಡಿ. ಕಣ್ಣಂಚಿನಲ್ಲಿ ಚಲಿಸಿದ್ದರ ಕಡೆಗೆ ಗಮನ ತಾನಾಗಿ ಹರಿಯುತ್ತದೆ.

ಬಹಳ ಜನ ಮರೆಯುವುದು ಪರದೆಯನ್ನು. ಆಂಬಿಯೆಂಟ್ ಪಟ್ಟಿಯನ್ನು ಎಷ್ಟು ತಗ್ಗಿಸಿದರೇನು, ನಡುವೆ ಟಿವಿಯಷ್ಟು ದೊಡ್ಡ ಪರದೆಯಲ್ಲಿ ಬಿಳಿ ಹಿನ್ನೆಲೆಯ ನಕಾಶೆ ಬೆಳಗುತ್ತಿದ್ದರೆ? ಮೀಟರಿನ ಬೆಳಕಿಗೆ ಬೇರೆಯೇ ನಿಯಂತ್ರಣ ಇರುತ್ತದೆ, ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಸ್ವಿಚ್ಚಿನ ಬಳಿ ಸಣ್ಣ ಚಕ್ರವಾಗಿ. ಪರದೆಗೆ ರಾತ್ರಿ ಮೋಡ್ ಇದೆ, ಮ್ಯಾಪಿಗೂ ಇದೆ. ಮೂರನ್ನೂ ಒಂದೇ ಕೂರಿಕೆಯಲ್ಲಿ ಹೊಂದಿಸಬೇಕು.

ಹೊರಗೆ ಕೊಂಡು ಹಾಕಿಸುವ ಎಲ್‌ಇಡಿ ಪಟ್ಟಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕಾರಿನ ಮೂಲ ವ್ಯವಸ್ಥೆಯಲ್ಲಿ ದೀಪಗಳು ಒಂದು ನಿಯಂತ್ರಕದ ಮಾತು ಕೇಳುತ್ತವೆ, ಹೊರಗಿನ ಕತ್ತಲೆಗೆ ತಕ್ಕಂತೆ ತಾವೇ ತಗ್ಗುತ್ತವೆ. ಎಷ್ಟೋ ಅಗ್ಗದ ಪಟ್ಟಿಗಳಿಗೆ ಹಗಲು ರಾತ್ರಿಯ ಅರಿವೇ ಇರುವುದಿಲ್ಲ.

ಕನ್ನಡಿಯ ಬಗ್ಗೆ ಒಂದು ಎಚ್ಚರಿಕೆ. ಒಳಗಿನ ಲೋಳೆ ಚರ್ಮ, ಕಣ್ಣುಗಳಿಗೆ ಒಳ್ಳೆಯದಲ್ಲ. ಗಾಜು ಒಡೆದು ಸೋರಿದರೆ ಮುಟ್ಟಬೇಡಿ. ತಾಗಿದರೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಬಾಗಿಲಿನ ಬಣ್ಣದ ಮೇಲೆ ಬಿದ್ದರೆ ಒಣಗುವ ಮುಂಚೆ ನೀರು ಸುರಿಯಿರಿ.

ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆವು. ಗೆಳೆಯ ಪರದೆಯಲ್ಲಿ ಹುಡುಕಿ ನೇರಳೆಯನ್ನು ಕೇಸರಿ ಮಾಡಿದ, ಮಾಡಿ ತಗ್ಗಿಸಿದ, ಮತ್ತೆ ತಗ್ಗಿಸಿದ. ಮಗಳು ಪುಸ್ತಕ ಮಡಚಿಟ್ಟು, "ಅಪ್ಪಾ, ಇದಕ್ಕಾ ಅಷ್ಟೊಂದು ದುಡ್ಡು ಕೊಟ್ಟಿದ್ದು, ಕಾಣ್ಸೋದೇ ಇಲ್ವಲ್ಲ" ಅಂದಳು. ಓದುವ ದೀಪ ಆರಿತು. ಶಿರಾಡಿ ಘಾಟಿಯ ಇಳಿಜಾರು ಶುರುವಾಗುವ ಹೊತ್ತಿಗೆ ಹಿಂದೆ ಲಾರಿಯೊಂದು ಬಂದು ಸೇರಿಕೊಂಡಿತು, ಎರಡೂ ಹೆಡ್‌ಲೈಟ್ ಪೂರ್ತಿ ಬಿಟ್ಟುಕೊಂಡು. ಒಳಗನ್ನಡಿ ನಿಧಾನವಾಗಿ ನೀಲಿಗಟ್ಟಿತು.